ಕ್ರೂಸ್ ಹಡಗಿನ ಶಾಪಿಂಗ್ ಭಾಷಣ ನಂಬಿ ಒಡವೆ ಕೊಳ್ಳುವ ಮುನ್ನ

ಅಮೆರಿಕದಲ್ಲಿರುವ ನಮ್ಮಂಥವರು, ಊರಿನಿಂದ ಬಂದ ಅಪ್ಪ ಅಮ್ಮನಿಗೆ ನಯಾಗರಾ, ವಾಷಿಂಗ್ಟನ್ ತೋರಿಸಿ ಮುಗಿಸಿದ ಮೇಲೆ, ಮಯಾಮಿಯಿಂದ ಹೊರಡುವ ಕೆರಿಬಿಯನ್ ಕ್ರೂಸ್‌ಗೆ ಕರೆದುಕೊಂಡು ಹೋಗುವುದು ಈಗ ವಾಡಿಕೆಯಾಗಿದೆ. ಹೆಚ್ಚು ನಡೆಯಬೇಕಿಲ್ಲ, ದಿನಾ ಪೆಟ್ಟಿಗೆ ಕಟ್ಟಿ ಬಿಚ್ಚುವ ಕೆಲಸವಿಲ್ಲ, ಮೊದಲೇ ಹೇಳಿಟ್ಟರೆ ಸಸ್ಯಾಹಾರವೂ ಸಿಗುತ್ತದೆ. ಆದ್ದರಿಂದ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ಹಡಗಿನಲ್ಲಿ ನಡೆಯುವ ಶಾಪಿಂಗ್ ಭಾಷಣವನ್ನು ಕೇಳಿ, ಬಂದರಿನಲ್ಲಿ ಒಡವೆ ಅಗ್ಗವೆಂದು ನಂಬಿ, ನನ್ನ ತಂದೆ ತಾಯಿ ಹಣ ಕಳೆದುಕೊಂಡರು. 2019ರ ಫೆಬ್ರವರಿಯಲ್ಲಿ ನಡೆದ ಈ ಸಂಗತಿಯನ್ನು ಸಂಕೋಚದಿಂದ ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಕಳೆದ ವಾರ ಗೆಳತಿಯೊಬ್ಬಳು ಅದೇ ದಾರಿಯ ಕ್ರೂಸ್ ಬುಕ್ ಮಾಡಿ, "ಸೇಂಟ್ ಥಾಮಸ್‌ನಲ್ಲಿ ವಜ್ರ ಅಗ್ಗವಂತೆ, ಅತ್ತೆಗೆ ಓಲೆ ಅಲ್ಲೇ ತಗೋತೀವಿ" ಎಂದಾಗ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ.

ಹಡಗು ಹೊರಟ ಮರುದಿನ ಎಲ್ಲಿಯೂ ನಿಲ್ಲದೆ ಸಮುದ್ರದಲ್ಲೇ ಸಾಗುತ್ತದೆ. ಆ ದಿನದ ಕಾರ್ಯಕ್ರಮ ಪಟ್ಟಿಯಲ್ಲಿ, ನಾವು ಹೋಗಲಿದ್ದ ಬಂದರುಗಳ ಬಗ್ಗೆ ಮಾಹಿತಿ ಕೊಡುತ್ತಾರೆ ಎಂದು ಬರೆದಿತ್ತು. ಅಪ್ಪನಿಗೆ ಹೊಸ ಊರಿಗೆ ಹೋಗುವ ಮೊದಲು ಅದರ ಇತಿಹಾಸ ತಿಳಿದುಕೊಳ್ಳಬೇಕೆಂಬ ಆಸೆ. ಹಾಗಾಗಿ ಮೂವರೂ ಮುಂದಿನ ಸಾಲಿನಲ್ಲೇ ಹೋಗಿ ಕುಳಿತೆವು. ವೇದಿಕೆಯ ಮೇಲಿದ್ದಾತ ಹಡಗಿನ ಸಿಬ್ಬಂದಿಯಂತೆಯೇ ಎದೆಯ ಮೇಲೆ ಹೆಸರಿನ ಬಿಲ್ಲೆ ಹಾಕಿಕೊಂಡಿದ್ದ, ಬಹಳ ಆತ್ಮೀಯವಾಗಿ ಮಾತನಾಡುತ್ತಿದ್ದ. ಸೇಂಟ್ ಥಾಮಸ್ ದ್ವೀಪದ ಶಾರ್ಲಟ್ ಅಮಾಲಿಯೆ ಪಟ್ಟಣ ಡೆನ್ಮಾರ್ಕಿನವರ ಕೈಯಲ್ಲಿದ್ದದ್ದು, 1917ರಲ್ಲಿ ಅಮೆರಿಕ ಆ ದ್ವೀಪಗಳನ್ನು 2.5 ಕೋಟಿ ಡಾಲರಿನ ಚಿನ್ನ ಕೊಟ್ಟು ಕೊಂಡದ್ದು, ಇದಾವುದೂ ಆ ಭಾಷಣದಲ್ಲಿ ಬರಲಿಲ್ಲ. ಡೇನಿಷರ ಕಾಲದ ಕಲ್ಲಿನ ಉಗ್ರಾಣಗಳ ಹೆಸರು ಬಂದದ್ದು, ಅವುಗಳಲ್ಲಿ ಈಗ ಯಾವ ಯಾವ ಒಡವೆ ಅಂಗಡಿಗಳಿವೆ ಎಂದು ತಿಳಿಸುವುದಕ್ಕೆ ಮಾತ್ರ. ಐವತ್ತು ನಿಮಿಷದಲ್ಲಿ ಐದು ನಿಮಿಷ ಊರಿಗೆ, ಉಳಿದದ್ದೆಲ್ಲ ವಜ್ರಕ್ಕೆ, ವಾಚಿಗೆ ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಟಾಂಜನೈಟ್ ಎಂಬ ನೀಲಿ ಕಲ್ಲಿಗೆ.

ಟಾಂಜನೈಟ್ ಬಗ್ಗೆ ಆತ ಹೇಳಿದ್ದರಲ್ಲಿ ಅರ್ಧ ನಿಜ, ಹಾಗಾಗಿಯೇ ಉಳಿದರ್ಧವನ್ನೂ ನಾವು ನಂಬಿದೆವು. ಆ ಕಲ್ಲು ಸಿಗುವುದು ಟಾಂಜಾನಿಯಾದಲ್ಲಿ, ಕಿಲಿಮಂಜಾರೊ ಪರ್ವತದ ಆಸುಪಾಸಿನ ಮೆರೆಲಾನಿ ಗುಡ್ಡಗಳಲ್ಲಿ ಮಾತ್ರ ಎಂಬುದು ನಿಜ. ಅದು ಪತ್ತೆಯಾದದ್ದು 1967ರಲ್ಲಿ. ಮರುವರ್ಷ ನ್ಯೂಯಾರ್ಕಿನ ಟಿಫಾನಿ ಕಂಪನಿ ಅದಕ್ಕೆ ಈ ಹೆಸರಿಟ್ಟು ಮಾರುಕಟ್ಟೆಗೆ ತಂದಿತು. ಆದರೆ ಗಣಿ ಇನ್ನೇನು ಕೆಲವೇ ವರ್ಷಗಳಲ್ಲಿ ಬರಿದಾಗುತ್ತದೆ, ಆಮೇಲೆ ಬೆಲೆ ಹತ್ತು ಪಟ್ಟಾಗುತ್ತದೆ, ಇವತ್ತು ಕೊಂಡವರು ಮೊಮ್ಮಕ್ಕಳಿಗೆ ಆಸ್ತಿ ಮಾಡಿಟ್ಟಂತೆ ಎಂದು ಆತ ಹೇಳಿದ್ದು ಮಾರಾಟದ ಮಾತು. ನಾವು ಮರಳಿ ಬಂದ ಮರುವರ್ಷವೇ, 2020ರ ಜೂನ್‌ನಲ್ಲಿ, ಸನಿನಿಯು ಲೈಜರ್ ಎಂಬ ಸಣ್ಣ ಗಣಿಗಾರನಿಗೆ ಅದೇ ಗುಡ್ಡಗಳಲ್ಲಿ ಒಂಬತ್ತು ಕಿಲೋಗಿಂತ ಹೆಚ್ಚು ತೂಕದ ಒಂದು, ಐದು ಕಿಲೋಗಿಂತ ಹೆಚ್ಚು ತೂಕದ ಇನ್ನೊಂದು ಟಾಂಜನೈಟ್ ಕಲ್ಲು ಸಿಕ್ಕಿ ಜಗತ್ತಿನಾದ್ಯಂತ ಸುದ್ದಿಯಾಯಿತು. ಆ ಸುದ್ದಿ ಓದಿದ ದಿನ ಅಮ್ಮನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಭಾಷಣ ಮುಗಿದ ಮೇಲೆ ಎಲ್ಲರಿಗೂ ಒಂದು ನಕ್ಷೆ ಹಂಚಿದರು. ಪಟ್ಟಣದ ಬೀದಿಗಳೆಲ್ಲ ಅದರಲ್ಲಿದ್ದವು, ಆದರೆ ಹೆಸರು ಬರೆದದ್ದು ಕೆಲವೇ ಅಂಗಡಿಗಳಿಗೆ; ಉಳಿದ ಜಾಗ ಖಾಲಿ. ಜೊತೆಗೆ ಆ ಅಂಗಡಿಗಳಿಗೆ ಹೋದರೆ ಪುಕ್ಕಟೆ ಸಿಗುವ ಕೈಸರ, ಬಂದರಿಗೊಂದರಂತೆ ಅದಕ್ಕೆ ಪೋಣಿಸುವ ಪುಟ್ಟ ಪದಕ, ಒಂದು ವಿಐಪಿ ಕಾರ್ಡು. ನಕ್ಷೆಯ ಅಡಿಯಲ್ಲಿ, ಕನ್ನಡಕ ಹಾಕಿದರೂ ಕಷ್ಟಪಟ್ಟು ಓದಬೇಕಾದ ಅಕ್ಷರದಲ್ಲಿ, ಈ ಅಂಗಡಿಗಳು ಪ್ರಚಾರಕ್ಕಾಗಿ ಶುಲ್ಕ ಕೊಟ್ಟಿವೆ ಎಂಬ ಒಂದು ಸಾಲಿತ್ತು. ನಾನು ಅದನ್ನು ಓದಿದ್ದು ಮನೆಗೆ ಮರಳಿದ ಮೇಲೆ. ವೇದಿಕೆಯ ಮೇಲಿದ್ದಾತ ಸಾಮಾನ್ಯವಾಗಿ ಹಡಗಿನ ಕಂಪನಿಯ ನೌಕರನೂ ಅಲ್ಲ; ಅಂಗಡಿಗಳಿಂದ ಹಣ ಪಡೆದು ಹಡಗಿನಲ್ಲಿ ಪ್ರಚಾರ ಮಾಡುವ ಬೇರೆ ಸಂಸ್ಥೆಯೊಂದರವನು. ಇದು ಯಾವುದೋ ಒಂದು ಹಡಗಿನ ಕತೆಯಲ್ಲ, ಈ ವ್ಯವಹಾರ ನಡೆಯುವ ರೀತಿಯೇ ಹೀಗೆ. ದಶಕದ ಹಿಂದೆ ಅಲಾಸ್ಕಾ ರಾಜ್ಯ ಸರ್ಕಾರವು, ಇಂಥ ಭಾಷಣಕಾರರು ಪ್ರಯಾಣಿಕರ ದಾರಿ ತಪ್ಪಿಸುತ್ತಿದ್ದಾರೆ ಎಂದು ಆರೋಪಿಸಿ ಪ್ರಚಾರ ಸಂಸ್ಥೆಗಳ ಮೇಲೆ ಕ್ರಮ ಕೈಗೊಂಡಾಗ, ಆ ಸಂಸ್ಥೆಗಳು ದಂಡದ ರೂಪದಲ್ಲಿ ಹಣ ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯಿತು.

ಸೇಂಟ್ ಥಾಮಸ್ ತಲುಪಿದ ದಿನ ನಾವು ಬದಿಗಳಿಲ್ಲದ ಟ್ಯಾಕ್ಸಿ ಬಂಡಿಯಲ್ಲಿ ಪಟ್ಟಣಕ್ಕೆ ಹೋದೆವು. ಅಮೆರಿಕದ ನೆಲವಾದರೂ ಅಲ್ಲಿ ವಾಹನಗಳು ರಸ್ತೆಯ ಎಡಕ್ಕೆ ಓಡುವುದನ್ನು ನೋಡಿ ಅಪ್ಪ ಸಂತೋಷಪಟ್ಟರು. ಪುಕ್ಕಟೆ ಕೈಸರ ತೆಗೆದುಕೊಳ್ಳಲೆಂದು ನಕ್ಷೆಯಲ್ಲಿದ್ದ ಅಂಗಡಿಗೆ ಕಾಲಿಟ್ಟದ್ದೇ, ಅದು ಇರುವುದು ಒಳಗಿನ ಕೊನೆಯ ಕೌಂಟರಿನಲ್ಲಿ ಎಂದರು. ಅಲ್ಲಿಗೆ ಹೋಗುವಷ್ಟರಲ್ಲಿ ನಾಲ್ಕು ಜನ ಮಾತನಾಡಿಸಿದ್ದರು, ಅಮ್ಮನಿಗೆ ತಣ್ಣಗಿನ ಜ್ಯೂಸ್ ಬಂದಿತ್ತು, ಕುರ್ಚಿ ಬಂದಿತ್ತು, ಅಪ್ಪ ಅಮ್ಮನ ಮದುವೆಯ ನಲವತ್ತನೆಯ ವರ್ಷ ಎಂಬುದು ಅಂಗಡಿಯವರಿಗೆಲ್ಲ ತಿಳಿದಿತ್ತು. ಅಮ್ಮನ ಬೆರಳಿಗೆ ಟಾಂಜನೈಟ್ ಉಂಗುರ ತೊಡಿಸಿದರು. ಕಮಾನಿನ ದೀಪದ ಕೆಳಗೆ ಅದು ನಿಜಕ್ಕೂ ಶಂಖಪುಷ್ಪದ ಬಣ್ಣದಲ್ಲಿತ್ತು. ಸುತ್ತ ಸಾಸಿವೆಯಷ್ಟು ಚಿಕ್ಕ ವಜ್ರಗಳು. ಚೀಟಿಯಲ್ಲಿ 4,600 ಡಾಲರ್ ಎಂದು ಬರೆದು ಅದಕ್ಕೆ ಕೆಂಪು ಗೆರೆ ಎಳೆದಿತ್ತು. ಹಡಗಿನವರಿಗೆಂದು ಶೇಕಡಾ 60ರಷ್ಟು ಇಳಿಸಿ 1,840 ಡಾಲರಿಗೆ ಕೊಡುತ್ತೇವೆ, ಆದರೆ ಈ ಬೆಲೆ ಇವತ್ತಿಗೆ ಮಾತ್ರ ಎಂದರು. ಆಗಿನ ಲೆಕ್ಕದಲ್ಲಿ ಅದು ಸುಮಾರು 1,30,000 ರೂಪಾಯಿ.

ಆಗ ಅಮ್ಮ ಮೈಸೂರಿನ ಅಂಗಡಿಯಲ್ಲಿ ಕೇಳುವ ಹಾಗೆಯೇ ಕೇಳಿದರು: "ಚಿನ್ನ ಎಷ್ಟು ಗ್ರಾಂ, ಕಲ್ಲು ಎಷ್ಟು, ಬೇರೆ ಬೇರೆ ಬರೆದುಕೊಡೋಕೆ ಹೇಳೇ." ನಾನು ಆ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಲಿಲ್ಲ. ಅಷ್ಟು ಉಪಚಾರ ಮಾಡಿದವರ ಮುಂದೆ ಅದನ್ನು ಕೇಳುವುದು ನನಗೆ ಮುಜುಗರವೆನಿಸಿತು. "ಇಲ್ಲಿ ಹಾಗೆಲ್ಲ ಕೇಳೋದಿಲ್ಲಮ್ಮ, ಎಲ್ಲ ಸೇರಿಸಿ ಒಂದೇ ರೇಟು" ಎಂದುಬಿಟ್ಟೆ. ಹಡಗು ಹತ್ತಬೇಕಾದ ಸಮಯ ಹತ್ತಿರವಾಗುತ್ತಿತ್ತು. ಅಪ್ಪ, "ಮೊದಲ ಸಲ ನಾನು ಇವಳಿಗೆ ಫಾರಿನ್‌ನಲ್ಲಿ ಏನಾದರೂ ಕೊಡಿಸ್ತಿದ್ದೀನಿ, ಬೇಡ ಅನ್ನಬೇಡಮ್ಮ" ಎಂದು, ನನ್ನ ಕಾರ್ಡಿನಲ್ಲಿ ಕೊಟ್ಟರೂ ಊರಿಗೆ ಹೋದ ಕೂಡಲೇ ಅಷ್ಟೂ ಹಣ ಕಳುಹಿಸುವುದಾಗಿ ನನಗೆ ಮಾತು ಕೊಟ್ಟರು. ಹೇಳಿದಂತೆ ಕಳುಹಿಸಿಯೂ ಬಿಟ್ಟರು.

ನ್ಯೂಜೆರ್ಸಿಗೆ ಬಂದ ಮೇಲೆ ಉಂಗುರಕ್ಕೆ ವಿಮೆ ಮಾಡಿಸಲೆಂದು, ಒಡವೆ ಮಾರದೆ ಬೆಲೆ ಮಾತ್ರ ಕಟ್ಟುವ ರತ್ನತಜ್ಞರೊಬ್ಬರ ಬಳಿ ಒಯ್ದೆ. ಅವರು ಭೂತಗನ್ನಡಿಯಲ್ಲಿ ನೋಡಿ, ತೂಗಿ, ಸಮಾಧಾನವಾಗಿ ವಿವರಿಸಿದರು. ಕಲ್ಲು ನಿಜವಾದ ಟಾಂಜನೈಟೇ, ಆದರೆ ಬಣ್ಣದಲ್ಲಿ ಸಾಧಾರಣ ದರ್ಜೆಯದು. ನಾವು ಒಂದೂವರೆ ಕ್ಯಾರೆಟ್ ಎಂದುಕೊಂಡದ್ದು ಸುತ್ತಲಿನ ವಜ್ರಗಳೂ ಸೇರಿದ ಒಟ್ಟು ತೂಕ. ನೀಲಿ ಕಲ್ಲು 1.1 ಕ್ಯಾರೆಟ್ ಮಾತ್ರ. ಬಿಲ್ಲಿನಲ್ಲಿ ಸಿ.ಟಿ.ಡಬ್ಲ್ಯೂ. ಎಂಬ ಮೂರು ಅಕ್ಷರ ಇದ್ದದ್ದು ಈ ಒಟ್ಟು ತೂಕದ ಸೂಚನೆ. ಚಿನ್ನ 14 ಕ್ಯಾರೆಟ್, ಅಂದರೆ ನೂರಕ್ಕೆ ಸುಮಾರು 58 ಪಾಲು. ನಮ್ಮಲ್ಲಿ ವಾಡಿಕೆಯಾದ 916ರ ಚಿನ್ನ ಅಲ್ಲ. ಇಂಥದ್ದೇ ಉಂಗುರ ಇಲ್ಲಿನ ಮಾಲ್ ಅಂಗಡಿಯಲ್ಲಿ 700 ಡಾಲರಿನ ಆಸುಪಾಸಿಗೆ ಸಿಗುತ್ತದೆ ಎಂದರು. ಅಂಗಡಿಯವರೇ ಬರೆದುಕೊಟ್ಟಿದ್ದ 4,800 ಡಾಲರಿನ ಬೆಲೆಪತ್ರವನ್ನು ತೋರಿಸಿದಾಗ, ಮಾರಿದವರು ಕಟ್ಟಿದ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದು ಹಿಂದಿರುಗಿಸಿದರು.

ನಕ್ಷೆಯಲ್ಲಿರುವ ಅಂಗಡಿಗಳಲ್ಲಿ ಕೊಂಡದ್ದಕ್ಕೆ ಗ್ಯಾರಂಟಿ ಇದೆ ಎಂದು ಭಾಷಣದಲ್ಲಿ ಬಹಳ ಒತ್ತಿ ಹೇಳಿದ್ದು ನೆನಪಾಗಿ ಅರ್ಜಿ ಹಾಕಿದೆ. ಕಲ್ಲು ಸಡಿಲವಾಗಿದ್ದರೆ, ಕೊಕ್ಕೆ ಮುರಿದಿದ್ದರೆ ರಿಪೇರಿ ಮಾಡಿಕೊಡುತ್ತೇವೆ; ಕೊಂಡವರು ಆಮೇಲೆ ಮನಸ್ಸು ಬದಲಾಯಿಸಿದರೆ ಗ್ಯಾರಂಟಿ ಅನ್ವಯಿಸುವುದಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಎರಡೂವರೆ ಪಟ್ಟಿಗಿಂತ ಹೆಚ್ಚು ಬೆಲೆ ತೆತ್ತದ್ದು ತಿಳಿದು ಹಣ ವಾಪಸ್ ಕೇಳುವುದೂ ಅವರ ಲೆಕ್ಕದಲ್ಲಿ ಮನಸ್ಸು ಬದಲಾಯಿಸಿದಂತೆಯೇ. ಕ್ರೆಡಿಟ್ ಕಾರ್ಡಿನವರಿಗೆ ದೂರು ಕೊಟ್ಟೆ. ಬಿಲ್ಲಿನಲ್ಲಿ ಬರೆದ ವಸ್ತುವನ್ನೇ ಕೊಟ್ಟಿದ್ದಾರೆ, ಮಾರಿದ ಮಾಲು ವಾಪಸ್ಸಿಲ್ಲ ಎಂಬುದಕ್ಕೆ ನಿಮ್ಮ ಸಹಿಯಿದೆ ಎಂದು ಅವರೂ ಕೈಬಿಟ್ಟರು. ಸೇಂಟ್ ಥಾಮಸ್ ಸೇರಿರುವ ವರ್ಜಿನ್ ಐಲೆಂಡ್ಸ್ ದ್ವೀಪಗಳ ಸರ್ಕಾರದಲ್ಲಿ ಗ್ರಾಹಕರ ದೂರು ಕೇಳುವುದಕ್ಕೆಂದೇ ಒಂದು ಇಲಾಖೆಯಿದೆ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಅಲ್ಲಿ ಮೋಸಹೋದವರು ತಿಂಗಳೊಳಗೆ ಆ ಇಲಾಖೆಗೆ ಬರೆಯಿರಿ, ನನ್ನ ಹಾಗೆ ಅಂಗಡಿಯವರ ಮರುಪತ್ರಕ್ಕಾಗಿ ಕಾಯುತ್ತ ಕೂರಬೇಡಿ.

ಡ್ಯೂಟಿ ಫ್ರೀ ಎಂಬ ಪದ ನಮ್ಮನ್ನು ಹೇಗೆ ಕುರುಡಾಗಿಸುತ್ತದೆ ಎಂಬುದನ್ನೂ ಹೇಳಬೇಕು. ಸುಂಕವಿಲ್ಲ ಎಂದರೆ ಸುಂಕವಿಲ್ಲ ಎಂದಷ್ಟೇ; ಅಂಗಡಿಯವನು ಇಡುವ ಲಾಭಕ್ಕೆ ಮಿತಿಯಿದೆ ಎಂದಲ್ಲ. ನಾವು ಹೋದ ಕಾಲದಲ್ಲಿ ಅಮೆರಿಕ ಚಿನ್ನದ ಒಡವೆಯ ಮೇಲೆ ಹಾಕುತ್ತಿದ್ದ ಸಾಮಾನ್ಯ ಸುಂಕ ಶೇಕಡಾ 5ರಿಂದ 7ರಷ್ಟಿತ್ತು. ಅದೆಲ್ಲವೂ ಉಳಿದರೂ ನಮ್ಮ ಉಂಗುರದಲ್ಲಿ ಐವತ್ತು ಡಾಲರ್ ಉಳಿಯಬಹುದಿತ್ತು. ಹೆಚ್ಚಾಗಿ ತೆತ್ತದ್ದೇ ಸಾವಿರ ಡಾಲರಿಗಿಂತ ಮೇಲೆ. ಆ ದ್ವೀಪಗಳಿಂದ 1,600 ಡಾಲರಿನವರೆಗೆ ಸುಂಕವಿಲ್ಲದೆ ಸರಕು ತರಬಹುದು ಎಂದು ವೇದಿಕೆಯ ಮೇಲೆ ಘೋಷಿಸಿದ ವಿನಾಯಿತಿಯೂ ಅಮೆರಿಕದಲ್ಲಿ ನೆಲೆಸಿ ಮರಳುವವರಿಗೆ ಇರುವುದೇ ಹೊರತು, ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮಂದಿರಿಗೆ ಅಲ್ಲ. ಈ ಮಾತನ್ನು ಆತ ಹೇಳಲೇ ಇಲ್ಲ.

ಬಂದರಿನಲ್ಲಿ ಎಲ್ಲವೂ ಮೋಸ ಎಂದರೆ ಅದೂ ಸುಳ್ಳಾಗುತ್ತದೆ. ಸೇಂಟ್ ಥಾಮಸ್‌ನಲ್ಲಿ ಮದ್ಯ ನಿಜಕ್ಕೂ ಅಗ್ಗ; ತಮ್ಮೂರಿನ ಅಂಗಡಿಯ ಬೆಲೆ ಮೊದಲೇ ನೋಡಿಕೊಂಡು ಹೋಗಿದ್ದ ಸಹಪ್ರಯಾಣಿಕರು ನಿಜವಾಗಿ ಉಳಿಸಿದರು. ಅದಕ್ಕೆ ಕಾರಣ ಸರಳ: ಬಾಟಲಿಯ ಮೇಲಿನ ಹೆಸರು ಎಲ್ಲ ಕಡೆಯೂ ಒಂದೇ, ಬೆಲೆ ಹೋಲಿಸಲು ಯಾರಿಗೂ ಕಷ್ಟವಿಲ್ಲ. ಬಣ್ಣದ ಕಲ್ಲಿನಲ್ಲಿ ಆ ಹೋಲಿಕೆ ಸಾಧ್ಯವಿಲ್ಲ, ಒಂದೊಂದು ಕಲ್ಲೂ ಬೇರೆ. ಆದ್ದರಿಂದಲೇ ಭಾಷಣದಲ್ಲಿ ಬಾಟಲಿಗೆ ಎರಡು ನಿಮಿಷ, ಕಲ್ಲಿಗೆ ಅರ್ಧ ಗಂಟೆ.

ನಿಮ್ಮ ಹಿರಿಯರು ಆ ಭಾಷಣಕ್ಕೆ ಹೋಗಲೇಬೇಕೆಂದರೆ ಅದು ಜಾಹೀರಾತು ಎಂದು ಮೊದಲೇ ಹೇಳಿ ಕಳುಹಿಸಿ, ಏಕೆಂದರೆ ಅವರು ವೇದಿಕೆಯ ಮೇಲೆ ನಿಂತು ಮಾತನಾಡುವವರನ್ನು ಗೌರವದಿಂದ ನಂಬುವವರು. ಒಡವೆ ಕೊಳ್ಳುವ ಮನಸ್ಸಿದ್ದರೆ ಅಂಥದ್ದೇ ಒಡವೆಯ ಬೆಲೆಯನ್ನು ಮನೆಯಲ್ಲೇ ನೋಡಿ ಬರೆದುಕೊಳ್ಳಿ. ಅಂಗಡಿಯಲ್ಲಿ ಮುಖ್ಯ ಕಲ್ಲಿನ ತೂಕ, ಚಿಕ್ಕ ಕಲ್ಲುಗಳ ತೂಕ, ಚಿನ್ನದ ಗ್ರಾಂ ಬೇರೆ ಬೇರೆಯಾಗಿ ಬಿಲ್ಲಿನಲ್ಲಿ ಬರೆಸಿ, ಬರೆಯಲು ಒಪ್ಪದಿದ್ದರೆ ಎದ್ದು ಬನ್ನಿ. ಟಾಂಜನೈಟ್ ಉಂಗುರವನ್ನಂತೂ ದಿನಾ ಕೆಲಸ ಮಾಡುವ ಕೈಗೆ ಕೊಳ್ಳಲೇಬೇಡಿ. ದಿನವೂ ಹಾಕಿಕೊಳ್ಳಬಹುದು ಎಂದು ಅಂಗಡಿಯವನು ಹೇಳಿದ್ದ. ಆದರೆ ಹತ್ತರವರೆಗಿನ ಅಳತೆಯಲ್ಲಿ ಆ ಕಲ್ಲಿನ ಗಡಸುತನ ಆರರಿಂದ ಏಳು, ಮರಳಿನ ಕಣದ್ದು ಏಳು. ಅಮ್ಮ ಅದನ್ನು ಹಾಕಿಕೊಂಡೇ ಶುಕ್ರವಾರದ ದೇವರ ಪಾತ್ರೆ ಬೆಳಗುತ್ತಿದ್ದರು, ದೀಪಾವಳಿಯ ಹೊತ್ತಿಗೆ ಕಲ್ಲಿನ ಮೇಲೆ ಬರಿಗಣ್ಣಿಗೆ ಕಾಣುವ ಗೀರುಗಳಿದ್ದವು.

ಉಂಗುರ ಈಗ ಮೈಸೂರಿನ ಮನೆಯ ಬೀರುವಿನಲ್ಲಿದೆ. ಊರಿಗೆ ಮರಳಿದ ಮೇಲೆ ಅಮ್ಮ ಅದನ್ನು ಅಶೋಕ ರಸ್ತೆಯಲ್ಲಿರುವ ತಮ್ಮ ಹಳೆಯ ಅಕ್ಕಸಾಲಿಗ ಆಚಾರ್ಯರ ಹತ್ತಿರ ಒಯ್ದು ತೂಗಿಸಿದ್ದರು. ಹೋದ ವರ್ಷ ನಾನು ಹೋದಾಗ ಸೇಂಟ್ ಥಾಮಸ್‌ನ ಅಂಗಡಿಯ ಬಿಲ್ಲು ತೆಗೆದು ನನ್ನ ಕೈಗೆ ಕೊಟ್ಟರು. ಅದರ ಬೆನ್ನಿನ ಮೇಲೆ ಆಚಾರ್ಯರು ಪೆನ್ಸಿಲಿನಲ್ಲಿ ಬರೆದಿದ್ದರು: ಒಟ್ಟು 3 ಗ್ರಾಂ 400 ಮಿಲಿ, ಕಲ್ಲು ಕಳೆದು 3 ಗ್ರಾಂ 100 ಮಿಲಿ.