ರಾಡ್ ಉಜ್ಜುವ ಎಣ್ಣೆ ಬಾವಿಗೆ ಯಾವ ರಕ್ಷಣೆ? ಗೈಡ್, ಲೈನರ್, ರೊಟೇಟರ್ ಇಳಿಸಿ ನೋಡಿದ ಮೇಲೆ

ಒತ್ತಡ ಇಳಿದುಹೋದ ಬಾವಿಯಲ್ಲಿ ಕಚ್ಚಾ ತೈಲ ತಾನಾಗಿ ಮೇಲೇರುವುದಿಲ್ಲ, ಎಳೆದೇ ತರಬೇಕು. ಗುಜರಾತಿನ ಮೆಹ್ಸಾಣಾ ಜಿಲ್ಲೆಯಲ್ಲಿ ಹರಳು, ಜೀರಿಗೆ ಬೆಳೆಯುವ ಹೊಲಗಳ ನಡುವೆ ತಲೆದೂಗುತ್ತ ನಿಂತಿರುವ ಪಂಪಿಂಗ್ ಯೂನಿಟ್‌ಗಳು ಮಾಡುವುದು ಅದೇ ಕೆಲಸ. ಟೆಕ್ಸಾಸ್‌ನ ಲಫ್ಕಿನ್ ಊರಿನಲ್ಲಿ ವಾಲ್ಟರ್ ಟ್ರೌಟ್ 1925ರಲ್ಲಿ ರೂಪಿಸಿದ, ಎದುರು ತೂಕ ಕಟ್ಟಿದ ಯಂತ್ರದ ವಂಶದವು ಇವು. ಗ್ರೀಸ್, ಎಣ್ಣೆ ನೋಡಿಕೊಂಡರೆ ಮೇಲಿನ ಯಂತ್ರ ದಶಕಗಟ್ಟಲೆ ಬಾಳುತ್ತದೆ. ಸೋಲುವುದು ಕೆಳಗಿರುವ ಟ್ಯೂಬಿಂಗ್, ಅಂದರೆ ಬಾವಿಯೊಳಗೆ ಎಣ್ಣೆ ಮೇಲೇರುವ ಪೈಪು.

ನಾವು ಹೆಚ್ಚಾಗಿ ಇಳಿಸುತ್ತಿದ್ದ 2⅞ ಇಂಚಿನ ಟ್ಯೂಬಿಂಗ್‌ನ ಗೋಡೆಯ ದಪ್ಪ ಐದೂವರೆ ಮಿಲಿಮೀಟರ್ ಮಾತ್ರ. ಅದರೊಳಗೆ ತಳದ ಪಂಪನ್ನು ಆಡಿಸುವ 25 ಅಡಿಯ ಸಕರ್ ರಾಡ್‌ಗಳು ಒಂದಕ್ಕೊಂದು ಕಪ್ಲಿಂಗ್‌ನಿಂದ ಜೋಡಿಕೊಂಡು ಮೇಲೆ ಕೆಳಗೆ ಆಡುತ್ತವೆ. ನಿಮಿಷಕ್ಕೆ ಆರು ಸ್ಟ್ರೋಕ್ ಎಂದರೂ ದಿನಕ್ಕೆ 8,640, ವರ್ಷಕ್ಕೆ 31 ಲಕ್ಷಕ್ಕಿಂತ ಹೆಚ್ಚು. ಬಾವಿಯಿಂದ ತೆಗೆದ ಪೈಪಿನ ಒಂದು ತುದಿಯಿಂದ ಟಾರ್ಚ್ ಬಿಟ್ಟು ಇಣುಕಿದರೆ ಇದರ ಫಲ ಕಾಣುತ್ತದೆ. ಸುತ್ತಲೂ ಮಂದವಾದ ಕಪ್ಪು ಗೋಡೆ, ಒಂದೇ ಮಗ್ಗುಲಿನಲ್ಲಿ ಕಪ್ಲಿಂಗ್‌ನಷ್ಟು ಅಗಲಕ್ಕೆ ಥಳಥಳಿಸುವ ತೋಡು. ಬೆರಳಾಡಿಸಿದರೆ ಅದರ ಅಂಚು ಚರ್ಮಕ್ಕೆ ತಗಲುತ್ತದೆ. ಕೊನೆಗೊಂದು ದಿನ ಪೈಪು ಅಲ್ಲಿಯೇ ಉದ್ದಕ್ಕೆ ಸೀಳುತ್ತದೆ. ಎತ್ತಿದ ಎಣ್ಣೆ ಹೊರಗಿನ ದೊಡ್ಡ ಪೈಪಾದ ಕೇಸಿಂಗ್‌ಗೆ ಸುರಿದು ಮತ್ತೆ ಪಂಪಿನ ಬಾಯಿಗೇ ಹೋಗುತ್ತದೆ. ಯಂತ್ರ ಆಡುತ್ತಲೇ ಇರುತ್ತದೆ, ಟ್ಯಾಂಕಿಗೆ ಮಾತ್ರ ಹನಿಯೂ ಬರುವುದಿಲ್ಲ. ಆಮೇಲೆ ಪೈಪು ಎತ್ತಿ ದುರಸ್ತಿ ಮಾಡುವ ವರ್ಕ್‌ಓವರ್ ರಿಗ್‌ಗಾಗಿ ಸರದಿ ಕಾಯಬೇಕು.

ನೆಟ್ಟಗಿರುವ ಬಾವಿಯಲ್ಲಿ ಈ ಕಾಟ ಕಡಿಮೆ. ಆದರೆ ಜಮೀನು ಸಿಗುವುದು ಕಷ್ಟವಾದ್ದರಿಂದ ಒಂದೇ ಜಾಗದಿಂದ ನಾಲ್ಕಾರು ಬಾವಿಗಳನ್ನು ಓರೆಯಾಗಿ ಕೊರೆಯುವುದು ಈಗ ಸಾಮಾನ್ಯ. 30 ಮೀಟರಿಗೆ ಮೂರು ಡಿಗ್ರಿ ಬಾಗಿದ ಜಾಗದಲ್ಲಿ ರಾಡಿನ ಎಳೆತ ಮೂರು ಟನ್ ಇದ್ದರೆ, ಪ್ರತಿ ಕಪ್ಲಿಂಗ್ ಸುಮಾರು 40 ಕಿಲೋ ಭಾರದಲ್ಲಿ ಪೈಪಿಗೆ ಒತ್ತಿಕೊಳ್ಳುತ್ತದೆ. ಬಾವಿಯಲ್ಲಿ ನೀರಿನ ಪಾಲು ಹೆಚ್ಚಾದಂತೆ ಎಣ್ಣೆಯ ಜಾರಿಕೆಯೂ ತಪ್ಪಿಹೋಗುತ್ತದೆ, ಅದರ ಜೊತೆಗೆ ತುಕ್ಕು ಸೇರಿಕೊಳ್ಳುತ್ತದೆ.

ಈ ಸವೆತಕ್ಕೆ ಮದ್ದೆಂದು ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ಸಾಧನಗಳಿವೆ: ರಾಡಿಗೆ ಕೂರಿಸುವ ಪ್ಲಾಸ್ಟಿಕ್ ಗೈಡ್, ಟ್ಯೂಬಿಂಗ್ ಒಳಗೆ ಹೊದಿಸುವ ಪಾಲಿಎಥಿಲೀನ್ ಲೈನರ್ ಮತ್ತು ಟ್ಯೂಬಿಂಗನ್ನೇ ನಿಧಾನವಾಗಿ ತಿರುಗಿಸುವ ರೊಟೇಟರ್. ನಾನು ಕೆಲಸ ಮಾಡಿದ ಬಾವಿಗಳಲ್ಲಿ ಮೂರನ್ನೂ ಇಳಿಸಿದ್ದೇನೆ, ಮತ್ತೆ ಹೊರತೆಗೆದು ಅಳೆದಿದ್ದೇನೆ. ಆದರೆ ಮೂರನ್ನೂ ಹೋಲಿಸುವ ಮೊದಲು ಟ್ಯೂಬಿಂಗನ್ನು ಕೆಳಗೆ ಹಿಡಿದಿಡುವ ಆಂಕರ್ ವಿಷಯ ಇತ್ಯರ್ಥವಾಗಬೇಕು. ಅದಿಲ್ಲದೆ ಈ ಹೋಲಿಕೆಗೆ ಅರ್ಥವಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ರಾಡಿನ ತುದಿಗಿರುವ ಪಂಪಿನ ಕೊಂತ, ಅಂದರೆ ಪ್ಲಂಜರ್, ಕೆಳಗಿಳಿಯುವಾಗ ದ್ರವದ ಭಾರವೆಲ್ಲ ಟ್ಯೂಬಿಂಗ್ ಮೇಲೆ, ಮೇಲೇರುವಾಗ ರಾಡಿನ ಮೇಲೆ. ಒಂದೂಮುಕ್ಕಾಲು ಇಂಚಿನ ಪ್ಲಂಜರ್, ಸಾವಿರ ಮೀಟರ್ ಆಳ ಎಂದರೆ ಸುಮಾರು 1.4 ಟನ್. ಅಷ್ಟು ಭಾರ ಬಂದು ಹೋದಂತೆಲ್ಲ ಕೆಳಗೆ ಹಿಡಿತವಿಲ್ಲದ ಟ್ಯೂಬಿಂಗ್ ಐದಾರು ಸೆಂಟಿಮೀಟರ್ ಹಿಗ್ಗಿ ಕುಗ್ಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ರಾಡ್ ಮೇಲೇರುವಾಗ ಟ್ಯೂಬಿಂಗ್‌ನ ಕೆಳಭಾಗ ಸುರುಳಿಯಾಗಿ ಬಾಗಿ ರಾಡಿಗೆ ಅಪ್ಪಿಕೊಳ್ಳುತ್ತದೆ. ಇದನ್ನು ಲುಬಿನ್ಸ್ಕಿ ಮತ್ತು ಬ್ಲೆಂಕಾರ್ನ್ 1957ರಲ್ಲಿಯೇ ಲೆಕ್ಕ ಸಮೇತ ತೋರಿಸಿಕೊಟ್ಟಿದ್ದಾರೆ. ಟ್ಯೂಬಿಂಗ್ ಆಂಕರನ್ನು ಎಡಕ್ಕೆ ತಿರುಗಿಸಿ ಕೇಸಿಂಗ್‌ಗೆ ಕಚ್ಚಿಸಿ, ಟ್ಯೂಬಿಂಗನ್ನು ಎಳೆತದಲ್ಲಿ ನಿಲ್ಲಿಸಿದರೆ ಈ ಬಾಗು ಹೋಗುತ್ತದೆ. ಮರಳು ಬರುವ ಬಾವಿಯಲ್ಲಿ ಆಂಕರ್ ಸಿಕ್ಕಿಹಾಕಿಕೊಳ್ಳುತ್ತದೆ ಎಂಬ ಭಯ ಎಲ್ಲರಿಗೂ ಇದೆ, ಅದು ಸುಳ್ಳು ಭಯವೂ ಅಲ್ಲ. ಮರಳು ವಿಪರೀತವಿದ್ದಲ್ಲಿ ಬಿಡಿ. ಉಳಿದ ಕಡೆ ಆಂಕರ್ ಹಾಕದೆ ದುಬಾರಿ ಗೈಡ್ ತರಿಸುವುದು ಹಣ ಸುರಿದ ಹಾಗೆ.

ಗೈಡ್‌ನಿಂದ ಶುರುಮಾಡುತ್ತೇನೆ. ರಾಡಿನ ಮೇಲೆಯೇ ಅಚ್ಚು ಹೊಯ್ದ ಪ್ಲಾಸ್ಟಿಕ್ ರೆಕ್ಕೆಗಳಿವು. ಕಪ್ಲಿಂಗ್ ಬದಲು ಇವು ಪೈಪನ್ನು ಮುಟ್ಟುತ್ತವೆ, ಸವೆಯಬೇಕಾದದ್ದೂ ಇವೇ. ರಾಡಿಗೆ ನಾಲ್ಕು ಗೈಡ್ ಇದ್ದರೆ ಆ 40 ಕಿಲೋ ಭಾರ ತಲಾ ಹತ್ತು ಕಿಲೋಗೆ ಹಂಚಿಹೋಗುತ್ತದೆ. ಹೊರತೆಗೆದಾಗ ಪ್ರತಿ ಗೈಡ್‌ನಲ್ಲಿ ಎಷ್ಟು ಪ್ಲಾಸ್ಟಿಕ್ ಉಳಿದಿದೆ ಎಂದು ಅಳೆದರೆ ಬಾವಿಯ ಯಾವ ಆಳದಲ್ಲಿ ಒತ್ತಡ ಹೆಚ್ಚು ಎಂಬ ನಕ್ಷೆಯೇ ಕೈಗೆ ಸಿಗುತ್ತದೆ. ಕೊರೆಯುವಾಗ ಮಾಡಿದ ಸರ್ವೆಯಲ್ಲಿ ಕಾಣದ ಸಣ್ಣ ತಿರುವುಗಳು ಕೂಡ ಇದರಲ್ಲಿ ಸಿಕ್ಕಿಬಿದ್ದದ್ದನ್ನು ನೋಡಿದ್ದೇನೆ. ಪ್ಲಾಸ್ಟಿಕ್ ಯಾವುದು ಎಂಬುದು ಮುಖ್ಯ. ನೈಲಾನ್ ಅಗ್ಗ, ಪೆಟ್ಟು ತಾಳುತ್ತದೆ, ಆದರೆ ಬಿಸಿ ನೀರಿನಲ್ಲಿ ಕಾಲಕ್ರಮೇಣ ಸತ್ವ ಕಳೆದುಕೊಳ್ಳುತ್ತದೆ. ಪಿಪಿಎಸ್ ಎಂಬ ಪ್ಲಾಸ್ಟಿಕ್ ಬಿಸಿಗೆ ಜಗ್ಗದು, ಆದರೆ ರಾಡನ್ನು ರ‍್ಯಾಕ್ ಮೇಲೆ ಎತ್ತಿಹಾಕಿದರೆ ಚಕ್ಕೆ ಏಳುತ್ತದೆ.

ಮೇಣದ ಅಂಶವಿರುವ ಬಾವಿಗಳಲ್ಲಿ ಗೈಡ್ ಇನ್ನೊಂದು ಉಪಕಾರ ಮಾಡುತ್ತದೆ. ರಾಡ್ ಸಾಲಿನ ಮೇಲ್ತುದಿಯ ಪಾಲಿಶ್ಡ್ ರಾಡ್ ಮೇಲೆ ರಾಡ್ ರೊಟೇಟರ್ ಕೂರಿಸಿ ಪ್ರತಿ ಸ್ಟ್ರೋಕಿಗೂ ರಾಡನ್ನು ಒಂದಿಷ್ಟು ತಿರುಗಿಸುತ್ತಿದ್ದರೆ, ಗೈಡ್‌ನ ರೆಕ್ಕೆ ಪೈಪಿನ ಗೋಡೆಗೆ ಅಂಟಿದ ಮೇಣವನ್ನು ಹೆರೆದು ಹಾಕುತ್ತದೆ. ತೊಂದರೆ ಬಂದದ್ದು ದಪ್ಪ ಎಣ್ಣೆಯಲ್ಲಿ. ಮೆಹ್ಸಾಣಾದ ಬಾಲೋಲ್, ಸಂಥಾಲ್ ಕ್ಷೇತ್ರಗಳ ತೈಲದಲ್ಲಿ ಬರಿಯ ರಾಡೇ ತಡವಾಗಿ ಇಳಿಯುತ್ತದೆ. ಅದಕ್ಕೆ ಗೈಡ್ ಸೇರಿಸಿದರೆ ಇಳಿಯುವಾಗ ರಾಡ್ ತೇಲಿ ನಿಲ್ಲುತ್ತದೆ, ಮೇಲೆ ರಾಡನ್ನು ಹೊತ್ತಿರುವ ಕ್ಯಾರಿಯರ್ ಬಾರ್ ಅದನ್ನು ಬಿಟ್ಟು ಮುಂದೆ ಇಳಿದುಹೋಗುತ್ತದೆ, ಮತ್ತೆ ಮೇಲೇರುವಾಗ ರಾಡಿಗೆ ಬಿಗಿದ ಕ್ಲಾಂಪಿಗೆ ಧಡ್ ಎಂದು ಬಡಿಯುತ್ತದೆ. ಆ ಸದ್ದು ಒಮ್ಮೆ ಕೇಳಿದರೆ ಯೂನಿಟ್ಟಿನ ವೇಗ ಇಳಿಸದೆ ಬೇರೆ ದಾರಿಯಿಲ್ಲ.

ಇನ್ನು ಲೈನರ್. ಮೂರರಲ್ಲಿ ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಇದು. ಪೈಪಿನೊಳಗೆ ನಾಲ್ಕೈದು ಮಿಲಿಮೀಟರ್ ದಪ್ಪದ ಪಾಲಿಎಥಿಲೀನ್ ಕೊಳವೆಯನ್ನು ಬಿಗಿಯಾಗಿ ಕೂರಿಸಿ, ಎರಡೂ ತುದಿಗಳನ್ನು ಬಿಸಿಮಾಡಿ ಹೊರಕ್ಕೆ ಮಡಚಿರುತ್ತಾರೆ. ಉಕ್ಕಿಗೆ ರಾಡೂ ತಾಗುವುದಿಲ್ಲ, ಉಪ್ಪುನೀರೂ ತಾಗುವುದಿಲ್ಲ. ನೀರಿನ ಪಾಲು ಬಹಳ ಹೆಚ್ಚಿದ್ದ, ಓರೆಯಾದ, ಮತ್ತೆ ಮತ್ತೆ ಸೀಳುತ್ತಿದ್ದ ಬಾವಿಯೊಂದರಲ್ಲಿ ಗೈಡ್ ಸೋತ ಮೇಲೆ ಇದನ್ನು ಇಳಿಸಿದೆವು. ಮುಂದೆ ಪಂಪ್ ಬದಲಿಸಲು ಟ್ಯೂಬಿಂಗನ್ನೂ ಎತ್ತಿದಾಗ ಒಳಗೆ ಕಂಡದ್ದು ನುಣುಪಾದ, ತೆಳುವಾದ ಗೆರೆ ಮಾತ್ರ. ಪ್ರತಿ ಸ್ಟ್ರೋಕಿನಲ್ಲಿ ರಾಡಿನ ಮೇಲಿನ ಭಾರ ತೋರಿಸುವ ಡೈನಮೋಮೀಟರ್ ಕಾರ್ಡ್‌ನಲ್ಲಿಯೂ ಉಜ್ಜಾಟದ ಭಾರ ಎದ್ದು ಕಾಣುವಷ್ಟು ಇಳಿದಿತ್ತು.

ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಒಳವ್ಯಾಸ 62 ಮಿಲಿಮೀಟರ್ ಇದ್ದದ್ದು ಎಂಟು ಹತ್ತು ಮಿಲಿಮೀಟರ್ ಕಿರಿದಾಗುವುದರಿಂದ ಟ್ಯೂಬಿಂಗ್ ಒಳಗಿನಿಂದಲೇ ಇಳಿಸುವ ಇನ್ಸರ್ಟ್ ಪಂಪ್ ಒಂದು ಅಳತೆ ಚಿಕ್ಕದಾಗಬೇಕು. ಹೆಚ್ಚು ದ್ರವ ಎಳೆಯಬೇಕಾದ ಬಾವಿಗೆ ಇದು ದೊಡ್ಡ ಪೆಟ್ಟು. ಅನಿಲವಿರುವ ಕಡೆ ಲೈನರ್ ಮತ್ತು ಉಕ್ಕಿನ ನಡುವೆ ಅನಿಲ ನುಸುಳುತ್ತದೆ. ಟ್ಯೂಬಿಂಗ್ ಒತ್ತಡವನ್ನು ಒಮ್ಮೆಲೇ ಇಳಿಸಿದರೆ ಲೈನರ್ ಒಳಕ್ಕೆ ಕುಸಿಯುತ್ತದೆ. ಹಳೆಯ, ಗುಳಿ ಬಿದ್ದ ಕಪ್ಲಿಂಗ್‌ಗಳು ಪ್ಲಾಸ್ಟಿಕನ್ನು ಹೆರೆದು ತಿನ್ನುತ್ತವೆ. ನುಣುಪಾದ ಗಟ್ಟಿ ಲೋಹ ಲೇಪಿಸಿದ ಕಪ್ಲಿಂಗ್‌ಗಳನ್ನೇ ಇದರ ಜೊತೆ ಹಾಕಬೇಕು. ರಿಗ್ ಸಿಬ್ಬಂದಿ ತುದಿಯ ಮಡಿಕೆಗೆ ಪೆಟ್ಟಾಗದಂತೆ ಪೈಪು ಹಿಡಿಯಬೇಕು, ಅದನ್ನು ಅವರ ಜೊತೆ ನಿಂತೇ ಕಲಿಸಬೇಕಾಯಿತು.

ಎಲ್ಲಕ್ಕಿಂತ ದೊಡ್ಡ ಮಿತಿ ಬಿಸಿ. ಸಾಮಾನ್ಯ ಪಾಲಿಎಥಿಲೀನ್ ಲೈನರ್ ತಾಳುವುದು ಸುಮಾರು 70 ಡಿಗ್ರಿ ಸೆಲ್ಸಿಯಸ್ ತನಕ. ಮೆಹ್ಸಾಣಾ ಇರುವ ಖಂಭಾತ್ ಜಲಾನಯನದ ನೆಲವೇ ಬಿಸಿ. ಬಾಲೋಲ್‌ನಲ್ಲಿ ಸುಮಾರು ಸಾವಿರ ಮೀಟರ್ ಆಳಕ್ಕೇ 70 ಡಿಗ್ರಿ ಮುಟ್ಟುತ್ತದೆ. ಹಾಗಾಗಿ ಇಲ್ಲಿ ಲೈನರ್ ಇರಬೇಕಾದದ್ದು ಬಾವಿಯ ಮೇಲಿನ ಮತ್ತು ನಡುವಿನ ಭಾಗದಲ್ಲಿ, ತಳದಲ್ಲಿ ಅಲ್ಲ. ಹೆಚ್ಚು ಬಿಸಿ ತಾಳುವ ಲೈನರ್‌ಗಳೂ ಇವೆ, ಬೆಲೆ ಮಾತ್ರ ಬೇರೆಯೇ ಅಂತಸ್ತಿನದು. ಮೇಣ ಕಟ್ಟಿದಾಗ ಹಾಟ್ ಆಯಿಲ್ ಹರಿಸಿ ಕರಗಿಸುವ ರೂಢಿಯಿದೆಯಲ್ಲ, ಲೈನರ್ ಇರುವ ಬಾವಿಗೆ ಅದು ಸಲ್ಲದು. ಪಾಳಿ ಬದಲಾದಾಗ ಬಾವಿಯ ಇತಿಹಾಸ ತಿಳಿಯದವರು ಎಂದಿನಂತೆ ಹಾಟ್ ಆಯಿಲ್ ಟ್ರಕ್ ತಂದು ನಿಲ್ಲಿಸಿದರೆ ಅಷ್ಟೂ ಲೈನರ್ ಮೆತ್ತಗಾಗಿ ಹೋಗುತ್ತದೆ. ಆದ್ದರಿಂದ ಬಾವಿಯ ಬಾಯಲ್ಲಿಯೇ ಗುಜರಾತಿ, ಹಿಂದಿ ಎರಡರಲ್ಲೂ ಬರೆದ ಕೆಂಪು ಫಲಕ ಹಾಕಿಸಿದೆವು.

ಟ್ಯೂಬಿಂಗ್ ರೊಟೇಟರ್ ಬಗ್ಗೆ ಹೇಳುವುದು ಕಡಿಮೆ. ಬಾವಿಯ ಬಾಯಲ್ಲಿ ಕೂರುವ ಗೇರ್ ಇದು. ಯಂತ್ರದ ತಲೆದೂಗುವ ತೊಲೆಯಾದ ವಾಕಿಂಗ್ ಬೀಮ್‌ಗೆ ಕಟ್ಟಿದ ತಂತಿ ಪ್ರತಿ ಸ್ಟ್ರೋಕಿಗೆ ಇದರ ಹಿಡಿಯನ್ನು ಎಳೆದು, ಇಡೀ ಟ್ಯೂಬಿಂಗನ್ನು ಬಲು ನಿಧಾನವಾಗಿ ಸುತ್ತಿಸುತ್ತದೆ. ಒಂದೇ ಮಗ್ಗುಲು ಸವೆಯುವ ಬದಲು ಸುತ್ತಲೂ ಸಮನಾಗಿ ಸವೆಯುತ್ತದೆ. ಸವೆತ ನಿಲ್ಲುವುದಿಲ್ಲ, ಹಂಚಿಹೋಗುತ್ತದೆ. ಕೆಳಗೆ ಆಂಕರ್ ಇದ್ದರೆ ಅದರ ಮೇಲೆ ಪೈಪು ತಿರುಗಲು ಬಿಡುವ ಸ್ವಿವೆಲ್ ಎಂಬ ಜೋಡಣೆ ಬೇಕು. ಖರ್ಚಿನಲ್ಲಿ ಇದು ಎಲ್ಲಕ್ಕಿಂತ ಅಗ್ಗ, ಫಲವೂ ಒಳ್ಳೆಯದೇ. ಆದರೆ ಸಡಿಲವಾದ ಒಂದು ತಂತಿ ಸಾಕು, ತಿಂಗಳುಗಟ್ಟಲೆ ಅದು ತಿರುಗದೆ ನಿಂತಿರುವುದು ಯಾರ ಗಮನಕ್ಕೂ ಬಾರದಿರಲು. ನಮ್ಮ ಹಿರಿಯ ಆಪರೇಟರ್ ಒಬ್ಬರು ಗೇರಿನ ಅಂಚಿಗೆ ಬಿಳಿ ಬಣ್ಣದ ಗೆರೆ ಎಳೆದು, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅದರ ಜಾಗ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಅವರ ಪಾಳಿಯ ಬಾವಿಗಳಲ್ಲಿ ರೊಟೇಟರ್ ನಿಜಕ್ಕೂ ಕೆಲಸ ಮಾಡಿತು. ಬೇರೆ ಕಡೆಗಳ ಬಗ್ಗೆ ಅಷ್ಟು ಧೈರ್ಯದಿಂದ ಹೇಳಲಾರೆ. ತೀರ ಓರೆಯಾದ ಬಾವಿಯಲ್ಲಿ ಮೇಲ್ತುದಿ ತಿರುಗಿದರೂ ಕೆಳತುದಿ ತಿರುಗಿತೇ ಎಂಬುದು ಮೇಲೆ ನಿಂತು ತಿಳಿಯುವಂಥದ್ದಲ್ಲ.

ರಾಡನ್ನೇ ಬಿಟ್ಟರೆ ಆಗದೇ ಎಂದು ಹಲವರು ಕೇಳುತ್ತಾರೆ. ಅರ್ಮೈಸ್ ಅರುಟುನಾಫ್ 1920ರ ದಶಕದಲ್ಲಿ ಎಣ್ಣೆ ಬಾವಿಗೆ ಇಳಿಸಿದ ಸಬ್‌ಮರ್ಸಿಬಲ್ ಪಂಪ್‌ಗೆ ರಾಡೇ ಬೇಡ, ಕೋಲಾರದ ಕೊಳವೆ ಬಾವಿಗಳಲ್ಲಿ ಇರುವುದೂ ಅದೇ ಜಾತಿಯ ಪಂಪ್. ಆದರೆ ದಿನಕ್ಕೆ ಕೆಲವೇ ಘನ ಮೀಟರ್ ಕೊಡುವ ಬಾವಿಗೆ ಅದು ಹೊಂದದು. ಫ್ರಾನ್ಸಿನ ರೆನೆ ಮೊಯಿನೊ ಕಂಡುಹಿಡಿದ ಸ್ಕ್ರೂ ಮಾದರಿಯ ಪಿಸಿಪಿ (ಪ್ರೋಗ್ರೆಸಿವ್ ಕ್ಯಾವಿಟಿ ಪಂಪ್) ದಪ್ಪ ಎಣ್ಣೆಗೆ ಹೇಳಿ ಮಾಡಿಸಿದ್ದು. ಆದರೂ ಅಲ್ಲಿ ರಾಡ್ ಸುತ್ತುತ್ತಿರುತ್ತದೆ, ಬಾಗಿದ ಜಾಗದಲ್ಲಿ ಒಂದೇ ಕಡೆ ಕೊರೆಯುತ್ತದೆ.

ಹೊಸದಾಗಿ ಓರೆ ಬಾವಿಯೊಂದು ಕೈಗೆ ಬಂದರೆ ನಾನು ಮೊದಲು ಆಂಕರ್ ಹಾಕಿ, ಮೊದಲ ಸಲ ನೈಲಾನ್ ಗೈಡ್ ಸಾಕಷ್ಟು ಕೂರಿಸಿ ಇಳಿಸುತ್ತೇನೆ. ಹೊರಬಂದಾಗ ಗೈಡ್‌ಗಳನ್ನು ಒಂದೊಂದಾಗಿ ಅಳೆದು, ಎಲ್ಲಿ ತೀರ ಸವೆದಿದೆಯೋ ಅಲ್ಲಿ, ಬಿಸಿ 60 ಡಿಗ್ರಿ ದಾಟದಿದ್ದರೆ, ನೀರು ಹೆಚ್ಚಿದ್ದು ಮೇಣ ಕಡಿಮೆಯಿದ್ದರೆ, ಆ ಭಾಗದ ಪೈಪುಗಳಿಗೆ ಮಾತ್ರ ಲೈನರ್. ಮೇಣದ ಬಾವಿಯಾದರೆ ಲೈನರ್ ಮಾತೇ ಬೇಡ, ಗೈಡ್ ಮತ್ತು ರಾಡ್ ರೊಟೇಟರ್. ಸವೆತ ಪಂಪಿನ ಸ್ವಲ್ಪ ಮೇಲೆ ಮಾತ್ರ ಇದ್ದರೆ ಈ ಮೂರೂ ಅಲ್ಲ. ಅಲ್ಲಿ ಪಂಪ್ ಅರ್ಧ ಖಾಲಿಯಾಗಿ ದ್ರವಕ್ಕೆ ಬಡಿದು ತಳದ ರಾಡ್‌ಗಳು ಬಾಗುತ್ತಿರುತ್ತವೆ. ಅದಕ್ಕೆ ಸ್ಟ್ರೋಕ್ ಇಳಿಸಿ, ತಳಕ್ಕೆ ಭಾರದ ಸಿಂಕರ್ ಬಾರ್ ಹಾಕಿ, ಮತ್ತೊಮ್ಮೆ ಡೈನಮೋಮೀಟರ್ ಕಾರ್ಡ್ ತೆಗೆಯುತ್ತೇನೆ.