ಕ್ಯಾಸ್ಟಲೇಟೆಡ್ ಬೀಮ್ ತಯಾರಿಕೆಗೆ 250 ಆಂಪಿಯರ್ ಮಿಗ್ ಮಷೀನ್: ಐದು ವರ್ಷಗಳ ಬಳಕೆ

ಪೀಣ್ಯದ ನಮ್ಮ ಫ್ಯಾಬ್ರಿಕೇಶನ್ ಶೆಡ್ಡಿಗೆ ಈ ಇನ್ವರ್ಟರ್ ಮಿಗ್ ಮಷೀನ್ (ವೈರನ್ನು ತಾನೇ ಒದಗಿಸುತ್ತಾ ಬೆಸೆಯುವ ವೆಲ್ಡಿಂಗ್ ಮಷೀನ್) ತಂದು ಐದು ವರ್ಷ ತುಂಬಿತು. ಗೋದಾಮುಗಳ ಛಾವಣಿಗೆ ಬೇಕಾಗುವ ಹಗುರ ಕ್ಯಾಸ್ಟಲೇಟೆಡ್ ಬೀಮ್‌ಗಳನ್ನು ಬೆಸೆಯುವುದೇ ಇದರ ಮುಖ್ಯ ಕೆಲಸ.

200 ಮಿ.ಮೀ. ಎತ್ತರದ ಐ-ಬೀಮ್‌ನ ವೆಬ್ಬನ್ನು (ನಡುವೆ ನೆಟ್ಟಗೆ ನಿಂತ ಭಾಗ) ಉದ್ದಕ್ಕೂ ಅಂಕುಡೊಂಕಾಗಿ ಕತ್ತರಿಸಿ, ಒಂದು ಅರ್ಧವನ್ನು ಸ್ವಲ್ಪ ಸರಿಸಿ ಹಲ್ಲಿಗೆ ಹಲ್ಲು ಕೂಡಿಸಿ ಬೆಸೆದರೆ, ಆರು ಮೂಲೆಯ ಕಿಂಡಿಗಳಿರುವ 300 ಮಿ.ಮೀ. ಎತ್ತರದ ಕ್ಯಾಸ್ಟಲೇಟೆಡ್ ಬೀಮ್ ಸಿಗುತ್ತದೆ. ಮೀಟರಿಗೆ 25 ಕಿಲೋ ಆಸುಪಾಸಿನ ತೂಕ ಹಾಗೆಯೇ ಉಳಿದು, ಬಾಗದೆ ನಿಲ್ಲುವ ಬಿಗುವು ಸುಮಾರು ಎರಡು ಪಟ್ಟಾಗುತ್ತದೆ. ಈ ಲಾಭವೆಲ್ಲ ಆ ಹಲ್ಲುಗಳ ಬೆಸುಗೆಯನ್ನೇ ನಂಬಿಕೊಂಡಿದೆ.

ವೆಬ್ಬಿನ ದಪ್ಪ 5.7 ಮಿ.ಮೀ. ಮಾತ್ರ. ರಾಡ್ ವೆಲ್ಡಿಂಗ್ ಮಾಡುತ್ತಿದ್ದಾಗ ಪ್ರತಿ ಹಲ್ಲಿನ ಬಳಿಯೂ ನಿಲ್ಲಿಸಿ ಸ್ಲ್ಯಾಗ್ (ಬೆಸುಗೆಯ ಮೇಲೆ ಕಟ್ಟುವ ಕಿಟ್ಟ) ಕೆತ್ತಬೇಕಾಗುತ್ತಿತ್ತು. ಈ ಮಷೀನಿನಲ್ಲಿ 1.2 ಮಿ.ಮೀ. ವೈರ್ ಹಾಕಿ 160 ಆಂಪಿಯರ್‌ನಲ್ಲಿ ಬೆಸೆದರೆ ಆ ಕೆಲಸವೇ ಇಲ್ಲ, ಬೀಡ್ (ಬೆಸುಗೆಯ ಗೆರೆ) ಕೂಡ ಒಂದೇ ಸಮನಾಗಿ ಬೀಳುತ್ತದೆ. ಆದರೂ ಬೀಮ್ ಸೊಟ್ಟಗಾಗುವುದನ್ನು ಮಷೀನ್ ತಡೆಯಲಾರದು. ಕತ್ತರಿಸಿದ ಕೂಡಲೇ, ರೋಲಿಂಗ್‌ನಲ್ಲಿ ಒಳಗುಳಿದ ಒತ್ತಡ ಬಿಡುಗಡೆಯಾಗಿ ಎರಡೂ ಅರ್ಧಗಳು ಬಿಲ್ಲಿನಂತೆ ಬಾಗುತ್ತವೆ. ಅವನ್ನು ಮೊದಲು ನೇರ ಮಾಡಿ, ಬೆಂಚಿಗೆ ಕ್ಲ್ಯಾಂಪ್ ಹಾಕಿ, ಎಲ್ಲ ಹಲ್ಲುಗಳನ್ನೂ ಟ್ಯಾಕ್ (ಹಿಡಿದಿಡುವಷ್ಟೇ ಚಿಕ್ಕ ಬೆಸುಗೆ) ಮಾಡಿಕೊಂಡ ಮೇಲೆ, ನಡುವಿನಿಂದ ಎರಡೂ ತುದಿಗಳ ಕಡೆಗೆ ಹಲ್ಲು ಬಿಟ್ಟು ಹಲ್ಲಿಗೆ ಬೆಸೆಯುತ್ತಾ ಹೋದರೆ 12 ಮೀಟರ್ ಬೀಮ್ ಕೂಡ ನೂಲು ಹಿಡಿದಂತೆ ಬರುತ್ತದೆ. ಆಧಾರದ ಮೇಲೆ ಕೂರುವ ತುದಿಗಳ ಕಿಂಡಿಗಳನ್ನು ಪ್ಲೇಟ್ ಇಟ್ಟು ಮುಚ್ಚುವುದನ್ನು ಎಂದಿಗೂ ಬಿಡಬಾರದು.

ಬಿಸಿ ಬೆಸುಗೆಗೆ ಗಾಳಿ ತಗಲದಂತೆ ಕಾಯುವ ಗ್ಯಾಸಿನ ವಿಷಯದಲ್ಲಿ ಬಹಳ ಎಚ್ಚರ ಬೇಕು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನ ಹೀಟರ್ ಕೈಕೊಟ್ಟ ದಿನ ರೆಗ್ಯುಲೇಟರ್ ಮೇಲೆ ಬೆಳ್ಳಗೆ ಹಿಮ ಕಟ್ಟಿ, ಗ್ಯಾಸ್ ಹರಿವು ಇಳಿದು, ಬೀಡ್ ತುಂಬ ಸೂಜಿಮೊನೆಯಂಥ ತೂತುಗಳು ಬಿದ್ದವು. ಒಂಬತ್ತು ಹಲ್ಲುಗಳನ್ನು ಗ್ರೈಂಡ್ ಮಾಡಿ ಮತ್ತೆ ಬೆಸೆದೆವು. ಮಳೆಗಾಲದಲ್ಲಿ ಶಟರ್ ತೆರೆದಿಟ್ಟರೂ ಗಾಳಿಗೆ ಇದೇ ಗತಿ.

ನನ್ನ ಅಸಮಾಧಾನ ಸರ್ವಿಸ್ ಬಗ್ಗೆ. ಎರಡನೆಯ ವರ್ಷ ವೈರ್ ಫೀಡರಿನ ರೋಲರ್ ಸವೆದು ವೈರ್ ತಡೆತಡೆದು ಬರತೊಡಗಿದಾಗ, ಮಾರಿದವರು ಮೂರು ವಾರ ಯಾರನ್ನೂ ಕಳುಹಿಸಲಿಲ್ಲ. ಅಂದಿನಿಂದ ರೋಲರ್, ಲೈನರ್, ಕಾಂಟ್ಯಾಕ್ಟ್ ಟಿಪ್ಪುಗಳನ್ನು ನಾವೇ ದಾಸ್ತಾನು ಇಟ್ಟುಕೊಳ್ಳುತ್ತೇವೆ. ಈ ತಿಂಗಳು ಇದೇ ಮಾದರಿಯ ಎರಡನೆಯ ಮಷೀನನ್ನು ಬೇರೆ ಮಾರಾಟಗಾರರಿಂದ ತರಿಸುತ್ತಿದ್ದೇನೆ.