ಬೇಸಿಗೆಯಲ್ಲಿ ಕುಂಚಾವರಂ ಕಾಡಿನ ಚಾರಣಕ್ಕೆ ಕರೆದರೆ ಮೊದಲು ನೀರಿನ ಲೆಕ್ಕ ಕೇಳಿ

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಾಡಿನಲ್ಲಿ ಚೀಲ ಹೊತ್ತು ನಡೆದು, ಟೆಂಟ್ ಹಾಕಿ ರಾತ್ರಿ ತಂಗುವ ಚಾರಣಕ್ಕೆ ಕರೆದೊಯ್ಯುತ್ತೇವೆಂದು ಬೇಸಿಗೆಯಲ್ಲಿ ಯಾರಾದರೂ ಹಣ ಕೇಳಿದರೆ ದಯವಿಟ್ಟು ಕೊಡಬೇಡಿ. ಉಳಿದ ತಿಂಗಳುಗಳಲ್ಲಿಯೂ ಅರಣ್ಯ ಇಲಾಖೆಯ ಅನುಮತಿ ಪತ್ರವನ್ನು ಕಣ್ಣಾರೆ ನೋಡದೆ, ದಾರಿಯಲ್ಲಿ ನೀರು ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ಪಡೆಯದೆ ಹೊರಡಬೇಡಿ. ಮಾರ್ಚ್ ತಿಂಗಳ ಕೊನೆಯಲ್ಲಿ ಇಂತಹ ಒಂದು ತಂಡದೊಂದಿಗೆ ನಾನು ಮತ್ತು ನನ್ನ ಸೋದರಮಾವನ ಮಗ ಹೋಗಿದ್ದೆವು. ಬಿಸಿಲಾಘಾತಕ್ಕೆ ಸಿಕ್ಕ ಅವನು ಬದುಕಿ ಬಂದದ್ದು ತಾಂಡಾದ ಜನರಿಂದ ಮತ್ತು ಅರಣ್ಯ ಇಲಾಖೆಯ ಒಬ್ಬ ಕಾವಲುಗಾರರಿಂದ; ಹಣ ಪಡೆದಿದ್ದ ಆಯೋಜಕರಿಂದಲ್ಲ.

ಈ ಕಾಡಿನ ಸ್ವಭಾವ ತಿಳಿಯದವರು ಅದನ್ನು ಮಲೆನಾಡಿನ ಕಾಡಿನಂತೆ ಊಹಿಸಿಕೊಳ್ಳುತ್ತಾರೆ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾದ, ಸುಮಾರು 135 ಚದರ ಕಿಲೋಮೀಟರ್ ವಿಸ್ತಾರದ, ಕುಂಚಾವರಂ ಸೇರಿದ ಚಿಂಚೋಳಿ ಕಾಡು ಒಣ ಸೀಮೆಯದು. ಬೇಸಿಗೆ ಕಾಲಿಡುತ್ತಿದ್ದಂತೆ ಇಲ್ಲಿನ ಮರಗಳು ಎಲೆ ಉದುರಿಸುತ್ತವೆ. ಮುತ್ತುಗದ ಕೆಂಪು ಹೂವು ಕಣ್ಣಿಗೆ ಹಬ್ಬವೇ ಸರಿ, ಆದರೆ ಅದರಡಿ ನೆರಳಿರುವುದಿಲ್ಲ. ಕಾಲ ಕೆಳಗಿನ ಕೆಂಪು ಮೊರಂ ನೆಲ ಕಾಯ್ದು, ಮೇಲಿನ ಬಿಸಿಲಿನಷ್ಟೇ ಝಳವನ್ನು ಕೆಳಗಿನಿಂದಲೂ ಎರಚುತ್ತದೆ. ಪಾದರಸ ನಲವತ್ತು ಡಿಗ್ರಿ ದಾಟುವ ನಮ್ಮ ಭಾಗದಲ್ಲಿ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸರ್ಕಾರವೇ ಕಚೇರಿಗಳ ಸಮಯವನ್ನು ಬೆಳಗಿನ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಯಿಸುತ್ತದೆ. ಫ್ಯಾನಿನ ಕೆಳಗೆ ಕೂತವರನ್ನೂ ಮನೆಗೆ ಕಳುಹಿಸುವ ಬಿಸಿಲಿಗೆ ಇನ್ನೇನು ಮುಟ್ಟಲಿರುವ ದಿನಗಳಲ್ಲಿ, ಹನ್ನೆರಡು ಕಿಲೋ ಭಾರ ಹೊತ್ತ ಜನರನ್ನು ನಡುಹಗಲಿನಲ್ಲಿ ಏರು ಹತ್ತಿಸಿದವರ ಮೇಲೆ ನನಗಿರುವ ಸಿಟ್ಟು ಇನ್ನೂ ತಣ್ಣಗಾಗಿಲ್ಲ.

ಜಾಹೀರಾತಿನಲ್ಲಿ ಅವರು ಹಾಕಿದ್ದು ಎತ್ತಿಪೋತ ಜಲಪಾತವು ಮಳೆಗಾಲದಲ್ಲಿ ಧುಮ್ಮಿಕ್ಕುವ ಚಿತ್ರ. ನಾನು ಹೊರಡುವ ಮೊದಲೇ ಫೋನಿನಲ್ಲಿ ನೀರಿನ ವಿಷಯ ಕೇಳಿದ್ದೆ. ತಲಾ ಎರಡು ಲೀಟರ್ ತಂದರೆ ಸಾಕು, ಮುಂದೆ ಹಳ್ಳದಲ್ಲಿ ತುಂಬಿಕೊಳ್ಳಬಹುದು, ತಮ್ಮ ಹುಡುಗರು ಹಿಂದಿನ ವಾರವಷ್ಟೇ ನೋಡಿ ಬಂದಿದ್ದಾರೆ ಎಂಬ ಉತ್ತರ ಬಂದಿತ್ತು. ಅದು ಹಸಿ ಸುಳ್ಳೆಂಬುದು ಹಳ್ಳಕ್ಕೆ ಇಳಿದಾಗ ಗೊತ್ತಾಯಿತು. ಹಳ್ಳದಲ್ಲಿ ಉಸುಕು ಮಾತ್ರವಿತ್ತು. ಒಂದು ಕಡೆ ಮೊಳಕಾಲುದ್ದ ತೋಡಿದ ಒರತೆಯ ತಳದಲ್ಲಿ ಅಂಗೈ ಮುಳುಗುವಷ್ಟು ನೀರು ಜಿನುಗಿತ್ತು. ಅದರ ಸುತ್ತಲೂ ದನಗಳ ಗೊರಸಿನ ಗುರುತುಗಳಿದ್ದವು, ಆ ಗುಳಿಗಳಲ್ಲಿ ಹಸಿರು ಪಾಚಿ ಕಟ್ಟಿತ್ತು. ತಾಂಡಾದ ಹೆಣ್ಣುಮಗಳೊಬ್ಬರು ಬಟ್ಟಲಿನಿಂದ ಆ ನೀರನ್ನು ಕಲಕದಂತೆ ಗೋರಿ ಕೊಡಕ್ಕೆ ಹಾಕುತ್ತಿದ್ದರು. ನಮ್ಮ ಮಾರ್ಗದರ್ಶಕ ಅದೇ ಒರತೆಗೆ ಬಾಟಲಿ ಅದ್ದಿದ. ಆ ಹೆಣ್ಣುಮಗಳ ಜೊತೆಗಿದ್ದ ಮುದುಕರು ನಮ್ಮತ್ತ ನೋಡಿ, "ಶಿವರಾತ್ರಿ ಆದ ಮ್ಯಾಲ ಈ ಹಳ್ಳದಾಗ ನೀರ ಎಲ್ಲಿ ಸಿಗತಾವ್ರೀ? ನಿಮಗ ಯಾರ್ ಹೇಳ್ಯಾರ?" ಎಂದು ಕೇಳಿದರು. ಮಾರ್ಗದರ್ಶಕ ತಲೆ ತಗ್ಗಿಸಿದನೇ ಹೊರತು ಉತ್ತರ ಕೊಡಲಿಲ್ಲ. ಒಂದು ಕೊಡಕ್ಕಾಗಿ ಅಷ್ಟು ಹೊತ್ತು ಕಾಯುವ ಜನರ ಒರತೆಯಿಂದ ಒಂದು ತಂಡಕ್ಕೆ ನೀರು ತುಂಬಿಸಿಕೊಳ್ಳಲು ಹೊರಟದ್ದು ಅನ್ಯಾಯವೆಂದು ನಾನು ಭಾವಿಸುತ್ತೇನೆ.

ಅಲ್ಲಿಂದ ಹಿಂತಿರುಗೋಣವೆಂದು ನಾವು ಕೆಲವರು ಹೇಳಿದರೂ ಆಯೋಜಕರು ಒಪ್ಪಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ಸೋದರಮಾವನ ಮಗನ ಕಪ್ಪು ಅಂಗಿಯ ಬೆನ್ನ ಮೇಲೆ ಬೆವರಿನ ಉಪ್ಪು ಬಿಳಿಯ ಗೆರೆಗಳಾಗಿ ಒಣಗಿತ್ತು. ಮೊದಲು ತಲೆನೋವು ಎಂದ, ಆಮೇಲೆ ವಾಂತಿ ಮಾಡಿದ. ಸ್ವಲ್ಪ ಕೂತು ಎದ್ದವನು ಚೀಲವನ್ನು ತಲೆಕೆಳಗಾಗಿ ಹಿಡಿದು ಅದರ ಪಟ್ಟಿಯೊಳಗೆ ಕೈ ತೂರಿಸಲು ಒದ್ದಾಡತೊಡಗಿದ. ಹೆಸರು ಕೇಳಿದರೆ ಬೇರೇನೋ ಹೇಳಿದ. ಇದನ್ನು ಓದುವವರು ಈ ಹಂತವನ್ನು ಚೆನ್ನಾಗಿ ನೆನಪಿಡಬೇಕು. ದಣಿದವನು ಸುಸ್ತು ಎನ್ನುತ್ತಾನೆ, ಆದರೆ ಸರಿಯಾಗಿಯೇ ಮಾತನಾಡುತ್ತಾನೆ. ಬಿಸಿಲಿನಲ್ಲಿ ನಡೆದವನ ಮಾತು ಮತ್ತು ನಡಿಗೆ ತಪ್ಪತೊಡಗಿದರೆ ಅದು ಬಿಸಿಲಾಘಾತವೆಂದೇ ತಿಳಿಯಬೇಕು. ದೇಹದ ಉಷ್ಣ 40 ಡಿಗ್ರಿ ಸೆಲ್ಸಿಯಸ್ ಮೀರಿ ಮೆದುಳಿಗೆ ಏಟು ಬಿದ್ದಿರುತ್ತದೆ. ಬೆವರು ನಿಂತಿರಲೇಬೇಕೆಂದಿಲ್ಲ, ಭಾರ ಹೊತ್ತು ನಡೆದವರಲ್ಲಿ ಬೆವರು ಹರಿಯುತ್ತಲೇ ಇರಬಹುದು. ಮಾರ್ಗದರ್ಶಕ ಅವನ ಬಾಯಿಗೆ ಬಲವಂತವಾಗಿ ನೀರು ಸುರಿಯಲು ಮುಂದಾದಾಗ ನಾನು ತಡೆದೆ, ಏಕೆಂದರೆ ಪ್ರಜ್ಞೆ ಸರಿಯಿಲ್ಲದವರಿಗೆ ಕುಡಿಸಿದ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಇದ್ದ ನೀರನ್ನೆಲ್ಲ ಮೈಮೇಲೆ ಸುರಿದು, ಅಂಗಿ ತೆಗೆದು, ಟೆಂಟಿನ ಬಟ್ಟೆಯನ್ನು ಕಟ್ಟಿ ನೆರಳು ಮಾಡಿ ಗಾಳಿ ಬೀಸುವುದೇ ಅಲ್ಲಿ ಸಾಧ್ಯವಿದ್ದ ಚಿಕಿತ್ಸೆ. ಆಸ್ಪತ್ರೆ ದೂರವಿದ್ದಾಗ ಮೊದಲು ಮೈ ತಣ್ಣಗಾಗಬೇಕು, ಸಾಗಿಸುವ ಮಾತು ಅನಂತರದ್ದು.

ಅಲ್ಲಿ ಮೊಬೈಲ್ ನೆಟ್‌ವರ್ಕ್ ಇರಲಿಲ್ಲ. 108ಕ್ಕೆ ಕರೆ ಮಾಡಲು ಒಬ್ಬರು ತಾಂಡಾದವರೆಗೆ ಓಡಬೇಕಾಯಿತು. ಅಲ್ಲಿಂದ ಬಂದವರು ಹಗ್ಗದ ಹೊರಸಿನ ಮೇಲೆ ಅವನನ್ನು ಮಲಗಿಸಿ, ದಾರಿಯುದ್ದಕ್ಕೂ ಒದ್ದೆ ಬಟ್ಟೆ ಹೊದಿಸುತ್ತ, ಡಾಂಬರು ರಸ್ತೆಗೆ ತಲುಪಿಸಿದರು. ಅಷ್ಟರಲ್ಲಿ ಬಂದ ಅರಣ್ಯ ಕಾವಲುಗಾರರು ಅನುಮತಿ ಪತ್ರ ಕೇಳಿದಾಗ ಆಯೋಜಕರು ತೋರಿಸಿದ್ದು ನಾವೇ ಅವರಿಗೆ ಹಣ ಕಳುಹಿಸಿದ ರಸೀದಿಯನ್ನು. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಅಭಯಾರಣ್ಯವನ್ನು ಪ್ರವೇಶಿಸಲು ಪರವಾನಗಿ ಬೇಕು. ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದೂ ಅದೇ ಕಾಯ್ದೆಯಡಿ ನಿಷಿದ್ಧ. ರಾತ್ರಿ ಬೆಂಕಿಯ ಸುತ್ತ ಹಾಡು ಎಂದು ಅವರು ಆಸೆ ಹುಟ್ಟಿಸಿದ್ದು, ಒಂದು ಕಿಡಿಗೆ ಹೊತ್ತಿ ಉರಿಯಬಲ್ಲ ಒಣ ತರಗಿನ ನಡುವೆ. ತೋಳ, ಕತ್ತೆಕಿರುಬ ಮೊದಲಾದ ಪ್ರಾಣಿಗಳಿಗೆ ಬೇಸಿಗೆಯಲ್ಲಿ ಉಳಿಯುವ ಕೆಲವೇ ನೀರಿನ ತಾಣಗಳ ಬಳಿ ಟೆಂಟ್ ಹಾಕಿದರೆ ಅವು ಬಾಯಾರಿದರೂ ಹತ್ತಿರ ಸುಳಿಯಲಾರವು.

ನೀರಿನ ಲೆಕ್ಕವನ್ನು ನೀವೇ ಹಾಕಿ ನೋಡಿ. ಬಿಸಿಲಿನಲ್ಲಿ ಭಾರ ಹೊತ್ತು ನಡೆಯುವವರಿಗೆ ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೇಕಾಗುತ್ತದೆ. ಆರು ಗಂಟೆಯ ನಡಿಗೆ, ಅಡುಗೆ, ರಾತ್ರಿ ಎಲ್ಲವೂ ಸೇರಿದರೆ ಒಂದು ದಿನಕ್ಕೇ ಆರೇಳು ಲೀಟರ್, ಅಂದರೆ ಬೆನ್ನ ಮೇಲೆ ಆರೇಳು ಕಿಲೋ. ಎರಡು ದಿನಕ್ಕೆ ಬೇಕಾದಷ್ಟನ್ನು ಹೊತ್ತು ನಡೆಯುವುದು ಸಾಮಾನ್ಯರಿಂದ ಆಗದ ಮಾತು. ಹೀಗಾಗಿ ಹಳ್ಳ ಬತ್ತಿದ ಮೇಲೆ ಇಲ್ಲಿ ರಾತ್ರಿ ತಂಗುವ ಚಾರಣವೇ ಸಲ್ಲದು. ಬರೀ ನೀರು ಕುಡಿಯುತ್ತ ಹೋದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ಇನ್ನೊಂದು ಬಗೆಯ ಅಪಾಯವಾಗುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ಇಲ್ಲವೇ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಪೊಟ್ಟಣ ಓಆರ್‌ಎಸ್ ಜೊತೆಗಿರಲಿ. ಮಳೆಗಾಲ ಮುಗಿದ ಮೇಲಿನ ಚಳಿಯ ತಿಂಗಳುಗಳು ನಡೆಯಲು ತಕ್ಕ ಕಾಲ. ಆಗಲೂ ಹಳ್ಳದ ನೀರನ್ನು ಮರಳುವಂತೆ ಕುದಿಸದೆ ಕುಡಿಯಬಾರದು.

ಸೋದರಮಾವನ ಮಗ ಈಗ ಚೇತರಿಸಿಕೊಂಡಿದ್ದಾನೆ. ಒಮ್ಮೆ ಹೀಗಾದವರ ದೇಹ ಬಹಳ ದಿನಗಳವರೆಗೆ ಬಿಸಿಲನ್ನು ತಾಳದು ಎಂದು ವೈದ್ಯರು ಹೇಳಿರುವುದರಿಂದ ಮಧ್ಯಾಹ್ನ ಮನೆಯಿಂದ ಹೊರಬೀಳುತ್ತಿಲ್ಲ. ನಾವು ಅರಣ್ಯ ಇಲಾಖೆಗೆ ಲಿಖಿತ ದೂರು ಕೊಟ್ಟಿದ್ದೇವೆ, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತಿದ್ದೇವೆ. ಇಂತಹ ಚಾರಣಕ್ಕೆ ಹಣ ಕೊಟ್ಟು ಮೋಸಹೋದವರು ಜಾಹೀರಾತಿನ ಚಿತ್ರ, ಹಣ ಪಾವತಿಯ ರಸೀದಿ, ವಾಟ್ಸ್‌ಆ್ಯಪ್ ಸಂದೇಶಗಳು, ಆಸ್ಪತ್ರೆಯ ಬಿಲ್ಲುಗಳು ಯಾವುದನ್ನೂ ಅಳಿಸದೆ ಇಟ್ಟುಕೊಳ್ಳಿ. ಘಟನೆ ನಡೆದ ಎರಡು ವರ್ಷದೊಳಗೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಡಿ ದೂರು ಸಲ್ಲಿಸಬಹುದು, ವಕೀಲರಿಲ್ಲದೆ ನೀವೇ ಹಾಜರಾಗಿ ವಾದಿಸಲೂಬಹುದು.